ಅಮ್ಮನ ಜೊತೆ ಸಮೋಸಿರ್ ದ್ವೀಪದಲ್ಲಿ ಮೂರು ರಾತ್ರಿ: ಹೋಗಬಹುದಾ?

ಹೊಳೆಬಾಗಿಲ ಹುಡುಗಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ಸಾಗರದಿಂದ ಅಮ್ಮ ಬರುತ್ತಿದ್ದಾಳೆ. ಕಳೆದ ಸಲ ಬಂದಾಗ ಅವಳಿಗೆ ಮಾಲು, ಗೋಪುರ ಎಲ್ಲ ಎರಡೇ ದಿನಕ್ಕೆ ಸಾಕಾಯಿತು. ಮೂರನೇ ದಿನ ಹದಿನೇಳನೇ ಮಹಡಿಯ ಬಾಲ್ಕನಿಯಲ್ಲಿ ಕೂತು, "ಇಲ್ಲಿ ನೆಲ ಎಲ್ಲಿದೆ ಮಾರಾಯ್ತಿ?" ಅಂದಳು.

ಅದಕ್ಕೇ ಈ ಸಲ ಎಲ್ಲಾದರೂ ನೀರಿನ ಹತ್ತಿರ ಸುಮ್ನೆ ಕೂರಿಸೋಣ ಅಂತ. ಸುಮಾತ್ರಾದ ತೋಬಾ ಸರೋವರ, ಅದರ ನಡುವಿನ ಸಮೋಸಿರ್ ದ್ವೀಪದ ಬಗ್ಗೆ ಆಫೀಸಿನವರು ಹೇಳಿದರು. ಅಮ್ಮ ಶರಾವತಿ ಮುಳುಗಡೆ ಕಡೆಯವಳು. ಸಿಗಂದೂರಿಗೆ ಹೋಗುವಾಗ ದೇವಿಗಿಂತ ಲಾಂಚ್ ಮೇಲೇ ಅವಳಿಗೆ ಪ್ರೀತಿ ಜಾಸ್ತಿ. ಈಗ ಸೇತುವೆ ಆದಮೇಲೆ ಅದೂ ಹೋಯಿತು ಅಂತ ಬೇಜಾರು ಮಾಡಿಕೊಂಡಿದ್ದಾಳೆ.

ಅವಳಿಗೆ 67. ಮಂಡಿ ನೋವು. ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಒಟ್ಟು ನಾಲ್ಕು ದಿನ ರಜೆ ಸಿಗುತ್ತದೆ. ಯಾರಾದರೂ ಹೋಗಿದ್ದೀರಾ?

ಎಣ್ಣೆತಾಳೆ · ಸೋಮವಾರ ರಾತ್ರಿ 10:25

ಹೋಗಿ ಅಕ್ಕ, ಧೈರ್ಯವಾಗಿ ಹೋಗಿ. ಸುಮಾತ್ರಾದ ಮೆದಾನ್ ನಗರದಲ್ಲಿ ನಾಲ್ಕು ವರ್ಷ ತಾಳೆ ಎಣ್ಣೆ ಮಿಲ್ಲುಗಳ ಯಂತ್ರ ರಿಪೇರಿ ಮಾಡಿಕೊಂಡಿದ್ದೆ. ತಿಂಗಳಿಗೊಮ್ಮೆ ತಲೆ ಕೆಟ್ಟಾಗ ಹೋಗುತ್ತಿದ್ದ ಜಾಗ ಅದು.

ಕೆ.ಎಲ್.ನಿಂದ ಮೆದಾನ್‌ನ ಕುಆಲನಾಮು ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಹಾರಾಟ. ಅಲ್ಲಿಯ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಂದರೆ ಹೊರಟ ಹೊತ್ತಿಗೇ ಇಳಿದ ಹಾಗೆ! ವೀಸಾ ಇಳಿದ ಮೇಲೂ ಸಿಗುತ್ತದೆ, ಮೊದಲೇ ಆನ್‌ಲೈನ್‌ನಲ್ಲೂ ತೆಗೆಸಬಹುದು. 5 ಲಕ್ಷ ರುಪಿಯಾ ಅಂದಾಗ ಅಮ್ಮ ಹೌಹಾರಬಹುದು, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಒಳಗೆ. ವಾಪಸ್ ಬರುವಾಗ ಅಮ್ಮನಿಗೆ ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ಮತ್ತೆ ತುಂಬಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ನಿಲ್ದಾಣದಿಂದ ಪಾರಾಪಾತ್ ಅನ್ನೋ ಊರಿಗೆ ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯಿರಿ. ಮೊದಲರ್ಧ ಟೋಲ್ ರಸ್ತೆ, ಎರಡೂ ಕಡೆ ಬರೀ ತಾಳೆ ತೋಟ. ನೋಡೋಕೆ ಏನೂ ಇಲ್ಲ, ನಿದ್ದೆ ಮಾಡಿ. ಸಿಯಾಂತಾರ್ ದಾಟಿದ ಮೇಲೆ ಏರು ಶುರು, ಗಾಳಿ ತಣ್ಣಗಾಗುತ್ತದೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೆಳಗೆ ಸರೋವರ. ಅಲ್ಲಿ ಅಮ್ಮನನ್ನು ಎಬ್ಬಿಸಿ.

ಪಾರಾಪಾತ್‌ನ ತಿಗರಾಜ ಬಂದರಿನಿಂದ ಮರದ ದೋಣಿ. ಮುಕ್ಕಾಲು ಗಂಟೆಯಲ್ಲಿ ತುಕ್ತುಕ್. ಸಮೋಸಿರ್‌ನಿಂದ ನೀರಿಗೆ ಚಾಚಿಕೊಂಡಿರುವ ಪುಟ್ಟ ಚಾಚು ಅದು, ವಸತಿಗೃಹಗಳೆಲ್ಲ ಅಲ್ಲೇ. ಹೆಸರು ಹೇಳಿದರೆ ದೋಣಿಯವನು ಆ ಮನೆಯ ಮೆಟ್ಟಿಲಿಗೇ ತಂದು ಬಿಡುತ್ತಾನೆ. ಆ ಮೆಟ್ಟಿಲು ಎಷ್ಟಿವೆ ಅಂತ ಬುಕ್ ಮಾಡುವ ಮೊದಲು ಕೇಳಿ. ಮಂಡಿ ನೋವಿನವರಿಗೆ ಇಡೀ ಪ್ರವಾಸದಲ್ಲಿ ಮುಖ್ಯವಾದ ಪ್ರಶ್ನೆ ಅದೊಂದೇ.

ಮೂರನೇ ಕ್ರಾಸ್ · ಮಂಗಳವಾರ ಬೆಳಿಗ್ಗೆ 7:15

ಬೇಜಾರು ಮಾಡ್ಕೋಬೇಡಿ, ನಾನು ಸ್ವಲ್ಪ ಉಲ್ಟಾ ಹೇಳ್ತೀನಿ. ವಿಮಾನ, ಕಾರು, ದೋಣಿ ಎಲ್ಲ ಸೇರಿ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ನಡುವೆ ಉಳಿಯೋದು ಎರಡು. 67 ವರ್ಷದವರಿಗೆ ಇದು ಆರಾಮವಾ? ಕೆ.ಎಲ್.ನಲ್ಲಿದ್ದೀರಿ, ಲಂಗ್ಕಾವಿ ಪಕ್ಕದಲ್ಲೇ ಇದೆ. ಮೇಲಾಗಿ ಇದು ಜ್ವಾಲಾಮುಖಿ ಅಂತೆ. ಅಮ್ಮನನ್ನು ಜ್ವಾಲಾಮುಖಿ ಬಾಯಲ್ಲಿ ಮಲಗಿಸೋದಾ?

ಕಲ್ಲು ಮಣ್ಣು · ಮಂಗಳವಾರ ಮಧ್ಯಾಹ್ನ 1:05

ಜ್ವಾಲಾಮುಖಿ ಮಾತು ಬಂತಲ್ರೀ, ಇನ್ನ ನಾನು ಸುಮ್ಮನಿರೋದು ಕಷ್ಟ. ಧಾರವಾಡದಾಗ ಭೂಗರ್ಭಶಾಸ್ತ್ರ ಓದಿದವ ನಾನು.

ತೋಬಾ ಅಂದರೆ ಬೆಟ್ಟದ ತುದಿಯ ಸಣ್ಣ ಗುಂಡಿಯಲ್ಲ. ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲ, ಆಳ 500 ಮೀಟರ್. ಸುಮಾರು 74,000 ವರ್ಷದ ಹಿಂದೆ ಸಿಡಿದಾಗ ಒಳಗಿನ ಕಲ್ಲಿನ ಪಾಕ ಖಾಲಿಯಾಗಿ ಮೇಲಿನ ನೆಲ ಕುಸಿಯಿತು. ಆ ಕುಸಿತದಲ್ಲಿ ನೀರು ನಿಂತಿತು. ಕಳೆದ 20 ಲಕ್ಷ ವರ್ಷಗಳಲ್ಲಿ ಭೂಮಿ ಮೇಲೆ ಇಷ್ಟು ದೊಡ್ಡ ಸ್ಫೋಟ ಇನ್ನೊಂದಿಲ್ಲ ಅಂತ ಲೆಕ್ಕ. ಅದರ ಬೂದಿ ಬಂಗಾಳಕೊಲ್ಲಿ ದಾಟಿ ನಮ್ಮ ದೇಶದ ಮೇಲೂ ಬಿತ್ತು. ಕರ್ನೂಲು ಸೀಮೆಯ ಜ್ವಾಲಾಪುರಂ ಅನ್ನೋ ಹಳ್ಳಿಯಲ್ಲಿ ಈಗಲೂ ಆ ಬೂದಿಯ ಪದರ ಇದೆ. ಪಾತ್ರೆ ತೊಳೆಯೋ ಪುಡಿಗೆ ಅಂತ ಜನ ಅದನ್ನು ಅಗೆದು ಮಾರುತ್ತಿದ್ದರು! ಅಲ್ಲಿ ಉತ್ಖನನ ಮಾಡಿದ ತಂಡದಲ್ಲಿ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದರು. ಬೂದಿಯ ಕೆಳಗೂ ಕಲ್ಲಿನ ಹತಾರ, ಮೇಲೂ ಹೆಚ್ಚುಕಮ್ಮಿ ಅಂಥವೇ ಹತಾರ ಸಿಕ್ಕವು. ಅಂದರೆ ಅಷ್ಟು ಬೂದಿ ಬಿದ್ದರೂ ಜನ ಬದುಕಿದ್ದರು ಅಂತ 2007ರಲ್ಲಿ ಅವರು ವಾದಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ ಬಿಡ್ರೀ.

ಇನ್ನ ಸಮೋಸಿರ್. ಇದು ನನಗೆ ಎಲ್ಲಕ್ಕಿಂತ ಸೇರೋ ಭಾಗ. ಕುಸಿದ ನೆಲದ ಕೆಳಗೆ ಪಾಕ ಮತ್ತೆ ತುಂಬಿಕೊಳ್ಳುತ್ತ ಬಂತು. ಆಗ ಸರೋವರದ ತಳವೇ ನಿಧಾನ ಉಬ್ಬಿ ಮೇಲೆದ್ದಿತು. ಹೋಳಿಗೆ ಕಾವಲಿ ಮೇಲೆ ಉಬ್ಬಿದ ಹಾಗೆ. ಆ ಉಬ್ಬೇ ಈ ದ್ವೀಪ. ದ್ವೀಪದ ನೆತ್ತಿಯಲ್ಲಿ, ನೀರಿಗಿಂತ 400-450 ಮೀಟರ್ ಎತ್ತರದಲ್ಲಿ, ಒಂದು ಕಾಲದ ಕೆರೆಯ ಹೂಳು ಸಿಗುತ್ತದೆ. ಅಂದರೆ ಆ ಜಾಗ ಒಮ್ಮೆ ನೀರಿನ ತಳವಾಗಿತ್ತು.

ಮೂರನೇ ಕ್ರಾಸ್ ಸರ್, ಮನುಷ್ಯ ಬರೆದಿಟ್ಟ ಕಾಲದಲ್ಲಿ ತೋಬಾ ಸಿಡಿದ ದಾಖಲೆ ಇಲ್ಲ. ನೀವು ನಿಶ್ಚಿಂತೆಯಿಂದ ಮಲಗ್ರೀ.

ಬುತ್ತಿಗಂಟು · ಮಂಗಳವಾರ ಸಂಜೆ 4:30

ಊಟದ ವಿಷಯ ಯಾರೂ ಎತ್ತಲಿಲ್ಲವಲ್ಲ! ನಾವು ಐದು ಜನ ಹೋಗಿದ್ದೆವು, ಇಬ್ಬರು ಅಪ್ಪಟ ಸಸ್ಯಾಹಾರಿಗಳು.

ಮೊದಲು ಒಳ್ಳೆ ಸುದ್ದಿ. ತುಕ್ತುಕ್‌ನಲ್ಲಿ ವಿದೇಶಿಯರು ಎಷ್ಟೋ ವರ್ಷದಿಂದ ಬರುತ್ತಿರುವುದರಿಂದ ಹೆಚ್ಚಿನ ಅಡುಗೆಮನೆಗಳಿಗೆ ಸಸ್ಯಾಹಾರ ಅಂದರೆ ಏನು ಅಂತ ಗೊತ್ತು. ಅನ್ನ, ತೆಂಪೆ (ಹುದುಗಿಸಿದ ಸೋಯಾ), ತೋಫು, ಸೊಪ್ಪು, ಗಾದೋ-ಗಾದೋ (ಕಡಲೆಕಾಯಿ ಚಟ್ನಿ ಹಾಕಿದ ತರಕಾರಿ), ಬಾಳೆಹಣ್ಣಿನ ಬಜ್ಜಿ ಎಲ್ಲ ಸಿಗುತ್ತದೆ. ಅವಕಾಡೊ, ಪಪ್ಪಾಯ, ಅನಾನಸ್ ಧಾರಾಳ. "ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆಲೂರ್" ಅಂತ ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಮುಖ್ಯವಾಗಿ "ತನ್ಪಾ ತೆರಾಸಿ". ತೆರಾಸಿ ಅಂದರೆ ಸಿಗಡಿ ಅರೆದು ಹುದುಗಿಸಿದ ಮುದ್ದೆ. ಚಟ್ನಿ, ಪಲ್ಯ ಎಲ್ಲದರೊಳಗೂ ಸದ್ದಿಲ್ಲದೆ ಕೂತಿರುತ್ತದೆ. ನಮ್ಮ ಅತ್ತೆ "ಗಾದೋ-ಗಾದೋ ಎಷ್ಟು ಚೆನ್ನಾಗಿದೆ" ಅಂತ ಎರಡು ಸಲ ಬಡಿಸಿಕೊಂಡ ಮೇಲೆ ನನಗೆ ಅನುಮಾನ ಬಂತು. ಕೇಳಲಿಲ್ಲ. ಅವರಿಗೂ ಹೇಳಲಿಲ್ಲ.

ದಾರಿಯಲ್ಲಿ "ಲಾಪೋ" ಅಂತ ಬೋರ್ಡ್ ಇರುವ ಹೋಟೆಲಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಅವು ಈ ಸೀಮೆಯ ಮೂಲದವರಾದ ಬತಕ್ ಜನರ ಊಟದ ಮನೆಗಳು. ತೋಬಾ ಸುತ್ತಲಿನ ಬತಕರು ಬಹುತೇಕ ಕ್ರೈಸ್ತರು, ಹಂದಿ ಮಾಂಸ ಅವರ ಹಬ್ಬದೂಟ. ಬೋರ್ಡಿನಲ್ಲಿ ಬಿ2 ಅಂತಿದ್ದರೆ ಹಂದಿ. ಬಿ1 ಅಂತಿದ್ದರೆ ನಾಯಿ. ಅವರ ಊಟ ಅವರದು, ಮೂಗು ಮುರಿಯೋಕೆ ನಾವ್ಯಾರು. ಆದರೆ ಗೊತ್ತಿರಲಿ.

ಮೂರು ದಿನಕ್ಕೆ ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ತುಪ್ಪ ಒಯ್ಯಿರಿ. ಉಳಿದದ್ದು ಅಲ್ಲೇ ಆಗುತ್ತದೆ.

ಅಂಕೋಲೆ ಅಲೆಮಾರಿ · ಮಂಗಳವಾರ ರಾತ್ರಿ 8:50

ಸಸ್ಯಾಹಾರಿಗಳು ಎರಡು ನಿಮಿಷ ಕಣ್ಣು ಮುಚ್ಚಿಕೊಳ್ಳಿ.

ಅಲ್ಲಿ ಆರ್ಸಿಕ್ ಅಂತ ಮೀನಿನ ಅಡುಗೆ. ಕೆರೆಯ ಗೆಂಡೆ ಮೀನು, ಅರಿಶಿನ, ಮತ್ತೆ ಅಂದಾಲಿಮಾನ್ ಅಂತ ಒಂದು ಪುಟ್ಟ ಕಾಯಿ. ಮೊದಲ ತುತ್ತಿಗೇ ನಾಲಿಗೆ ಜುಮ್ ಅಂತು. ಅರೆ, ಇದು ನಮ್ಮ ಬಂಗಡೆ ಸಾರಿನ ತಿರ್ಫಳ! ಜುಮ್ಮನಕಾಯಿ ಅಂತಾರಲ್ವಾ, ಅದೇ. ವಾಪಸ್ ಬಂದು ನೋಡಿದರೆ ಎರಡೂ ಒಂದೇ ಕುಲದ ಗಿಡ, ಜಾತಿ ಮಾತ್ರ ಬೇರೆ. ಅಂದಾಲಿಮಾನ್‌ಗೆ ನಿಂಬೆಯ ವಾಸನೆ ಜಾಸ್ತಿ. ಅಲ್ಲಿ ಅಡುಗೆ ಮಾಡಿದ ಅಕ್ಕನಿಗೆ ಮೊಬೈಲಿನಲ್ಲಿ ನಮ್ಮ ತಿರ್ಫಳದ ಫೋಟೋ ತೋರಿಸಿದೆ. ಅವಳು ಅಡುಗೆಮನೆಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದಳು. ಮೀನಿಗೆ ದುಡ್ಡು ತಗೊಂಡಳು, ಎರಡನೇ ತಟ್ಟೆ ಅನ್ನಕ್ಕೆ ತಗೊಳ್ಳಲಿಲ್ಲ.

ಸಂಜೆ ತುವಾಕ್ ಸಿಗುತ್ತದೆ. ನಮ್ಮ ಹೆಂಡದ ಹಾಗೆ, ಮರದಿಂದ ಇಳಿಸಿದ್ದು. ಗಂಡಸರು ಗಿಟಾರ್ ಹಿಡಿದು ಸುತ್ತ ಕೂತು ನಾಲ್ಕು ದನಿಯಲ್ಲಿ ಹಾಡುತ್ತಾರೆ. ಕಲಿಯದವರು ಹೀಗೆ ಹಾಡೋಕೆ ಸಾಧ್ಯವಾ ಅನ್ನಿಸುತ್ತದೆ. ಭಾನುವಾರ ಚರ್ಚಿನ ಹೊರಗೆ ನಿಂತು ಕೇಳಿದರೂ ಸಾಕು.

ಕಣ್ಣು ಬಿಡಿ.

ಹೊಳೆಬಾಗಿಲ ಹುಡುಗಿ · ಬುಧವಾರ ರಾತ್ರಿ 9:10

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ! ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ (ಬಿ1 ಬಿಟ್ಟು). "ಅವಲಕ್ಕಿ ತರಬೇಕು ಅಂತ ಇನ್ನೊಬ್ಬರು ಹೇಳಬೇಕಾ?" ಅಂದಳು.

ದೋಣಿ ಎಷ್ಟು ಸುರಕ್ಷಿತ? ಹಿಂದೆ ಅಲ್ಲೊಂದು ದೊಡ್ಡ ದುರಂತ ಆಗಿತ್ತು ಅಂತ ಓದಿದೆ. ನನಗೆ ಈಜು ಬರುವುದಿಲ್ಲ. ಅಮ್ಮನಿಗೆ ಬರುತ್ತದೆ!

ಎಣ್ಣೆತಾಳೆ · ಬುಧವಾರ ರಾತ್ರಿ 11:00

ಹೌದು ಅಕ್ಕ. 2018ರ ಜೂನ್ 18. ದ್ವೀಪದ ಸಿಮಾನಿಂದೋದಿಂದ ಎದುರು ದಡದ ತಿಗರಾಸ್‌ಗೆ ಹೊರಟಿದ್ದ ದೋಣಿ ಮುಳುಗಿತು. ಈದ್ ರಜೆಯ ಜನ, ದೋಣಿ ತಾಳುವುದಕ್ಕಿಂತ ಹಲವು ಪಟ್ಟು ತುಂಬಿಸಿದ್ದರು, ಜೊತೆಗೆ ಬೈಕುಗಳು. ಸತ್ತವರು, ಕಾಣೆಯಾದವರು ನೂರಕ್ಕೂ ಹೆಚ್ಚು. ಬಹಳ ಜನರ ದೇಹ ಸಿಗಲೇ ಇಲ್ಲ. ನೀರಿನ ಆಳ ಅಂಥದ್ದು.

ಆಗ ನಾನು ಮೆದಾನ್‌ನಲ್ಲೇ ಇದ್ದೆ. ನಮ್ಮ ಮಿಲ್ಲಿನ ಒಬ್ಬ ಹುಡುಗನ ಮಾವ ಆ ದೋಣಿಯಲ್ಲಿದ್ದರು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ.

ನೀವು ಮಾಡಬೇಕಾದ್ದು ಇಷ್ಟೆ. ಈದ್, ಹೊಸವರ್ಷ, ಶನಿವಾರ, ಭಾನುವಾರ ಬೇಡ. ಸೋಮವಾರ ಹೋಗಿ ಗುರುವಾರ ಬನ್ನಿ. ಲೈಫ್ ಜಾಕೆಟ್ ಎಲ್ಲಿದೆ ಅಂತ ನೋಡಿ ಹಾಕಿಕೊಳ್ಳಿ, ಬೇರೆ ಯಾರೂ ಹಾಕದಿದ್ದರೂ ಸರಿ. ತುಂಬಿ ತುಳುಕುತ್ತಿದ್ದರೆ ಮುಂದಿನ ದೋಣಿಗೆ ಕಾಯಿರಿ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆ ನೀರು ಕನ್ನಡಿ. ಪಾರಾಪಾತ್ ಪಕ್ಕದ ಅಜಿಬಾತಾದಿಂದ ಕಾರು ಹೊರುವ ದೊಡ್ಡ ಫೆರಿ ಕೂಡ ಇದೆ, ಹೆದರಿಕೆ ಆದರೆ ಅದರಲ್ಲಿ ಹೋಗಿ. ದೋಣಿಯೇ ಬೇಡ ಅಂದರೆ ಪಡುವಣ ಕಡೆಯಿಂದ ರಸ್ತೆಯೂ ಇದೆ. ಪಂಗುರುರಾನ್‌ನಲ್ಲಿ ದ್ವೀಪಕ್ಕೂ ದಡಕ್ಕೂ ನಡುವೆ ಒಂದು ಕಾಲುವೆ, ಅದರ ಮೇಲೆ ಸೇತುವೆ. ಡಚ್ಚರು ಆ ಕಾಲುವೆ ಕಡಿಸುವ ಮೊದಲು ಅಲ್ಲಿ ನೆಲ ಅಂಟಿಕೊಂಡೇ ಇತ್ತು. ಹಾಗೆ ನೋಡಿದರೆ ಸಮೋಸಿರ್ ಪೂರ್ತಿ ದ್ವೀಪವೇ ಆಗಿರಲಿಲ್ಲ. ಆದರೆ ಆ ದಾರಿ ಬಹಳ ಸುತ್ತು.

ಇನ್ನೊಂದು. ಈಜು ಬಂದರೂ ದಡ ಬಿಟ್ಟು ದೂರ ಬೇಡ ಅಂತ ಅಮ್ಮನಿಗೆ ಹೇಳಿ. ಎರಡು ಹೆಜ್ಜೆಗೇ ಕಾಲು ತಪ್ಪುವ ಜಾಗಗಳಿವೆ.

ಮೂರನೇ ಕ್ರಾಸ್ · ಗುರುವಾರ ಬೆಳಿಗ್ಗೆ 7:40

ಸೋಮವಾರದಿಂದ ಗುರುವಾರ ಅನ್ನೋದು ಸರಿ. ನನ್ನ ಭಾವ ಶನಿವಾರ ಹೋಗಿ ರಾತ್ರಿ ಒಂದು ಗಂಟೆ ತನಕ ಪಕ್ಕದ ಹೋಟೆಲಿನ ಕರಾಓಕೆ ಕೇಳಿ ಬಂದ. ನೀರಿನ ಮೇಲೆ ಸದ್ದು ಎಷ್ಟು ದೂರ ಬರುತ್ತೆ ಅಂದರೆ ಎದುರು ದಡದವನು ಸುರ ತಪ್ಪಿದ್ದೂ ಗೊತ್ತಾಗುತ್ತಂತೆ. ಮತ್ತೆ ಅಲ್ಲಿ ಮೀನು ಸಾಕೋ ಬಲೆಗಳು ಜಾಸ್ತಿ, ನೀರು ಮೊದಲಿನಷ್ಟು ಶುದ್ಧ ಇಲ್ಲ ಅಂತಾನೂ ಹೇಳಿದ. ಸುಳ್ಳಾ?

ಎಣ್ಣೆತಾಳೆ · ಗುರುವಾರ ಬೆಳಿಗ್ಗೆ 9:20

ಸುಳ್ಳಲ್ಲ. 2016ರಲ್ಲಿ ಹರಂಗಾಒಲ್ ಕಡೆ ಸಾಕಿದ ಮೀನು ರಾಶಿ ರಾಶಿ ಸತ್ತು ತೇಲಿತ್ತು. ಕೆಲವು ಕೊಲ್ಲಿಗಳಲ್ಲಿ ಅಂತರಗಂಗೆಯ ಥರದ ಕಳೆಯೂ ಇದೆ. 2020ರಲ್ಲಿ ಯುನೆಸ್ಕೊ ಜಾಗತಿಕ ಜಿಯೋಪಾರ್ಕ್ (ಭೂವಿಜ್ಞಾನದ ದೃಷ್ಟಿಯಿಂದ ಕಾಪಾಡಬೇಕಾದ ಜಾಗ) ಆದ ಮೇಲೂ ಮೀನು ಬಲೆಗಳ ಈ ಜಗಳ ಮುಗಿದಿಲ್ಲ. ತುಕ್ತುಕ್ ಸುತ್ತ ನೀರು ತಿಳಿಯಾಗಿಯೇ ಇತ್ತು, ನಾನು ಕಂಡ ಮಟ್ಟಿಗೆ.

ಬುತ್ತಿಗಂಟು · ಗುರುವಾರ ಮಧ್ಯಾಹ್ನ 3:15

ನೋಡೋ ಜಾಗ ಅಂತ ಪಟ್ಟಿ ಹಿಡಿದು ಓಡಬೇಡಿ. ಎರಡು ಸಾಕು. ತೊಮೊಕ್‌ನಲ್ಲಿ ಸಿಗಾಲೆ-ಗಾಲೆ, ಆಳೆತ್ತರದ ಮರದ ಬೊಂಬೆ, ಹಗ್ಗ ಎಳೆದರೆ ಕುಣಿಯುತ್ತದೆ. ಮಕ್ಕಳಿಲ್ಲದೆ ಸತ್ತವರ ಉತ್ತರಕ್ರಿಯೆಯಲ್ಲಿ ಮಗನ ಬದಲು ಅದನ್ನು ಕುಣಿಸುತ್ತಿದ್ದರಂತೆ. ಈಗ ಪ್ರವಾಸಿಗರಿಗೆ ಕುಣಿಸುತ್ತಾರೆ. ನನಗೆ ನಗು ಬರಲಿಲ್ಲ, ಎಲ್ಲೋ ಒಳಗೆ ಚುಚ್ಚಿತು.

ಇನ್ನೊಂದು ಅಂಬಾರಿತಾದ ಸಿಯಲ್ಲಾಗನ್ ಹಳ್ಳಿ. ದೋಣಿ ಆಕಾರದ ಚಾವಣಿಯ ಮರದ ಮನೆಗಳು, ಮರದ ಕೆಳಗೆ ಕಲ್ಲಿನ ಕುರ್ಚಿಗಳ ಪಂಚಾಯಿತಿ. ಗೈಡು ತಲೆ ಕಡಿಯೋ ಕಥೆ ಹೇಳೋಕೆ ಶುರು ಮಾಡಿದರೆ ಅಮ್ಮನಿಗೆ ಅನುವಾದ ಮಾಡಬೇಡಿ.

ತೊಮೊಕ್ ಅಂಗಡಿ ಸಾಲಿನಲ್ಲಿ ಚೌಕಾಸಿ ಮಾಡಿ. ಉಲೋಸ್ ಅಂತ ನೇಯ್ದ ಹೊದಿಕೆ ಸಿಗುತ್ತದೆ. ಮದುವೆ, ಬಾಣಂತನ, ಸಾವು ಎಲ್ಲಕ್ಕೂ ಅವರು ಅದನ್ನು ಹೊದಿಸುತ್ತಾರೆ.

ಕಲ್ಲು ಮಣ್ಣು · ಗುರುವಾರ ರಾತ್ರಿ 8:00

ದಾರಿ ತಪ್ಪಿಸ್ತೀನಿ, ಕ್ಷಮಿಸ್ರೀ. ಬತಕರ ಹಳೇ ಧರ್ಮದಲ್ಲಿ ದೇವರಿಗೆ "ದೇಬತಾ" ಅಂತಾರೆ. ನಮ್ಮ ದೇವತಾನೇ. ಅವರ ಹಳೇ ಲಿಪಿಯೂ ಬ್ರಾಹ್ಮಿಯ ಮೊಮ್ಮಗಳು. ಹೆಂಗ ಹೋತು? ವ್ಯಾಪಾರದ ಮೇಲೆ. ತೋಬಾದ ಪಶ್ಚಿಮಕ್ಕೆ ಸಮುದ್ರದ ದಂಡೆಯಲ್ಲಿ ಬಾರುಸ್ ಅಂತ ಹಳೇ ಬಂದರು. ಅಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ಐನೂರ್ವರು ಅನ್ನೋ ವರ್ತಕರ ಸಂಘದ್ದು. ಅದೇ ನಮ್ಮ ಅಯ್ಯಾವೊಳೆ ಐನೂರ್ವರು, ಐಹೊಳೆಯ ಹೆಸರು ಹೊತ್ತವರು. ಬಾರುಸ್‌ಗೆ ಅವರನ್ನು ಎಳೆದದ್ದು ಕರ್ಪೂರ. ಸುಮಾತ್ರಾ ಕಾಡಿನ ಮರದ ಕರ್ಪೂರ. ಇವತ್ತಿಗೂ ಇಂಡೋನೇಷ್ಯಾದಲ್ಲಿ ಬಟ್ಟೆ ಪೆಟ್ಟಿಗೆಗೆ ಹಾಕೋ ನುಸಿಗುಳಿಗೆಗೆ "ಕಾಪುರ್ ಬಾರುಸ್" ಅಂತಾರೆ.

ಈಗ ಬುಕಿಂಗ್ ಮಾತಾಡ್ರೀ.

ಹೊಳೆಬಾಗಿಲ ಹುಡುಗಿ · ಆರು ವಾರದ ನಂತರ, ಭಾನುವಾರ

ಹೋಗಿ ಬಂದೆವು. ಎಲ್ಲರಿಗೂ ಒಂದು ವರದಿ ಬಾಕಿ ಇತ್ತು.

ಮೊದಲು ಬೈಗುಳ. ಆನ್‌ಲೈನ್‌ನಲ್ಲಿ ಹಿಡಿದ ಕಾರಿನವರು ನಮ್ಮಿಬ್ಬರಿಗೇ ಅಂತ ದುಡ್ಡು ತಗೊಂಡು, ನಿಲ್ದಾಣದಲ್ಲಿ ಇನ್ನೂ ಮೂವರನ್ನು ಹತ್ತಿಸಿದರು. ಅವರನ್ನು ಸಿಯಾಂತಾರ್‌ನಲ್ಲಿ ಮನೆ ಮನೆಗೆ ಬಿಟ್ಟು ಪಾರಾಪಾತ್ ಮುಟ್ಟುವಾಗ ಕೊನೆ ದೋಣಿ ಹೋಗಿತ್ತು. ಬಂದರಿನ ಪಕ್ಕ ಒಂದು ರೂಮಿನಲ್ಲಿ ರಾತ್ರಿ ಕಳೆದೆವು. ನನಗೆ ಅಳು ಬಂತು. ಅಮ್ಮ ಅವಲಕ್ಕಿಗೆ ಚಟ್ನಿಪುಡಿ ಕಲಸಿ ಕೊಟ್ಟು, "ಲಾಂಚ್ ತಪ್ಪಿ ಹೊಳೆಬಾಗಿಲಲ್ಲಿ ಎಷ್ಟು ಸಲ ಕೂತಿಲ್ಲ" ಅಂದಳು.

ಒಂದು ರಾತ್ರಿ ಹೋಯಿತು, ಆದರೆ ಬೆಳಗಿನ ದೋಣಿ ಸಿಕ್ಕಿತು. ಎಣ್ಣೆತಾಳೆ ಅಣ್ಣ ಹೇಳಿದ ಹಾಗೆ ನೀರು ಕನ್ನಡಿ. ತರಕಾರಿ ಮೂಟೆ, ಕೋಳಿ ಬುಟ್ಟಿ, ಗ್ಯಾಸ್ ಸಿಲಿಂಡರ್. ನಾವಿಬ್ಬರೇ ಲೈಫ್ ಜಾಕೆಟ್ ಹಾಕಿದ್ದು. ಅಮ್ಮ ಮುಂದಿನ ಬೆಂಚು ಬಿಟ್ಟು ಏಳಲಿಲ್ಲ.

ರೂಮು ಚಿಕ್ಕದು, ದಿನಕ್ಕೆ 400 ಸಾವಿರ ರುಪಿಯಾ. ಮೆಟ್ಟಿಲು ಒಂಬತ್ತು (ಕೇಳಿದ್ದೆ!). ಬಾಗಿಲ ಮುಂದೆ ಹುಲ್ಲು, ಆಮೇಲೆ ನೀರು. ಹವೆ ಹೆಚ್ಚುಕಮ್ಮಿ ಹಳೇ ಬೆಂಗಳೂರು. ನೀರಿನ ಮಟ್ಟವೇ ಸಮುದ್ರದಿಂದ 900 ಮೀಟರ್ ಎತ್ತರ ಇದೆಯಂತೆ.

ಮನೆಯೊಡತಿಗೂ ಅಮ್ಮನಿಗೂ ಒಂದು ಭಾಷೆಯೂ ಹೊಂದುವುದಿಲ್ಲ. ಎರಡನೇ ದಿನ ನೋಡಿದರೆ ಇಬ್ಬರೂ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದಾರೆ! ಅಮ್ಮನ ಚೀಲದಲ್ಲಿ ಸಾಗರದ ಅಡಿಕೆ, ಆ ಅಮ್ಮನದು ಎಲೆ, ಸುಣ್ಣ, ಕಾಚಿನ ಥರ ಗಂಬೀರ್. ಎಲೆಗೆ ಅವರು ಸಿರಿಹ್ ಅಂತಾರೆ. ಆಮೇಲೆ ಅವರು ಅಡುಗೆಮನೆಗೆ ಅಮ್ಮನನ್ನು ಬಿಟ್ಟುಕೊಂಡರು. ತೆರಾಸಿಯ ಚಿಂತೆ ಅಲ್ಲಿಗೆ ಮುಗಿಯಿತು.

ತೊಮೊಕ್‌ಗೆ ಹೋಗಲಿಲ್ಲ. ಅಂಬಾರಿತಾಕ್ಕೂ ಹೋಗಲಿಲ್ಲ. ಬುತ್ತಿಗಂಟು ಅಕ್ಕ ಕ್ಷಮಿಸಬೇಕು. ಕಾರು ಮಾಡಿ ಒಮ್ಮೆ ಮಾತ್ರ ಪಂಗುರುರಾನ್ ಹತ್ತಿರದ ಬಿಸಿನೀರಿನ ಬುಗ್ಗೆಗೆ ಹೋದೆವು. ಗಂಧಕದ ವಾಸನೆ. ಅಮ್ಮ ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂತಳು. ದಾರಿಯಲ್ಲಿ ಗದ್ದೆಗಳ ನಡುವೆ ಬಣ್ಣ ಬಳಿದ ಪುಟ್ಟ ಪುಟ್ಟ ಮನೆಗಳು. ಹಿರಿಯರ ಮೂಳೆಗಳನ್ನು ತೆಗೆದು ಅಲ್ಲಿ ಇಡುತ್ತಾರಂತೆ. ಅಮ್ಮ ಅವನ್ನು ನೋಡಿ ಏನೂ ಹೇಳಲಿಲ್ಲ, ನಾಟಿ ಮಾಡಿದ್ದು ನೋಡಿ "ಸಾಲು ಸರಿಯಿಲ್ಲ" ಅಂದಳು.

ಕೊನೆಯ ಸಂಜೆ ಮಳೆ ಬಂದು ನಿಂತಿತ್ತು. ಎದುರಿನ ಗೋಡೆಯಂಥ ಬೆಟ್ಟದ ಮೇಲೆ ಮೋಡ ಇಳಿದಿತ್ತು. ಅಮ್ಮ ಕೇಳಿದಳು: "ಇದರ ಕೆಳಗೆ ಯಾರ ಊರಿದೆ?"

ಲಿಂಗನಮಕ್ಕಿ ನೀರು ಏರಿದಾಗ ಅವಳಿಗೆ ಐದಾರು ವರ್ಷ. ಅವಳ ಮಟ್ಟಿಗೆ ಇಷ್ಟು ದೊಡ್ಡ ನೀರು ಅಂದರೆ ಕೆಳಗೆ ಒಂದು ಊರು ಇರಲೇಬೇಕು. ಯಾರ ಊರೂ ಇಲ್ಲ ಅಂದೆ. ಕಲ್ಲು ಮಣ್ಣು ಸರ್ ಬರೆದದ್ದನ್ನು ಹೇಳಿದೆ. ಇಲ್ಲಿ ಊರು ಮುಳುಗಿದ್ದಲ್ಲ, ನೀರಿನ ತಳವೇ ಎದ್ದು ಊರಾಗಿದ್ದು, ನಾವು ಕೂತಿರುವುದು ಅದರ ಮೇಲೇ ಅಂತ. ಹೋಳಿಗೆಯ ಹೋಲಿಕೆಯನ್ನೂ ಹೇಳಿದೆ. ಅವಳು ಕೂತಲ್ಲೇ ಬಗ್ಗಿ ಹುಲ್ಲಿನ ಬುಡದ ಮಣ್ಣು ಚಿವುಟಿ, ಬೆರಳಲ್ಲಿ ಉಜ್ಜಿ ನೋಡಿದಳು.

"ಎಷ್ಟು ವರ್ಷ ಹಿಡೀತಂತೆ ಏಳೋಕೆ?"

ಸಾವಿರಾರು ವರ್ಷ ಅಂದೆ.

"ಹ್ಞೂಂ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಸ್ವೆಟರ್ ಹಾಕಿಕೊಂಡು ಬಂದು ಮತ್ತೆ ಅಲ್ಲೇ ಕೂತಳು.

ಕಲ್ಲು ಮಣ್ಣು · ಭಾನುವಾರ ರಾತ್ರಿ

ಮಣ್ಣು ಉಜ್ಜಿ ನೋಡಿದರಾ! ನಮ್ಮ ಹುಡುಗರಿಗೆ ಅದನ್ನು ಕಲಿಸೋಕೆ ಎರಡು ವರ್ಷ ಬೇಕು ನೋಡ್ರೀ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸ್ರೀ.

ಮೂರನೇ ಕ್ರಾಸ್ · ಸೋಮವಾರ ಬೆಳಿಗ್ಗೆ 7:05

ಆಯ್ತು, ಲಂಗ್ಕಾವಿ ಮಾತು ವಾಪಸ್ ತಗೊಂಡೆ. ನಮ್ಮ ಮನೆಯವರು ಇದನ್ನೆಲ್ಲ ಓದಿ ಟಿಕೆಟ್ ನೋಡ್ತಿದ್ದಾರೆ. ಒಂದೇ ಪ್ರಶ್ನೆ, ಆ ರೂಮಿನಲ್ಲಿ ಬಿಸಿನೀರು ಬರ್ತಿತ್ತಾ?

ಹೊಳೆಬಾಗಿಲ ಹುಡುಗಿ · ಸೋಮವಾರ ಬೆಳಿಗ್ಗೆ 8:30

ಎಂಟು ಗಂಟೆಯ ಮೇಲೆ ಬರ್ತಿತ್ತು ಸರ್. ಅಮ್ಮನಿಗೆ ಐದೂವರೆಗೆ ಸ್ನಾನ ಆಗಬೇಕಲ್ಲ, ಅವಳು ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ತಾನೇ ಕಾಯಿಸಿಕೊಂಡು ಬಂದಳು. ನನಗೂ ಒಂದು ಬಕೆಟ್.